ಬಾಣಂತಿ ಕೋಣೆಯ ಮೈಲಿಗೆ

ದೇವದುರ್ಗದ ನಮ್ಮ ಮನೆಯಲ್ಲಿ ತಂಗಿ ಹುಟ್ಟಿದಾಗ ನನಗೆ ಏಳೆಂಟು ವರ್ಷ. ನಡುರಾತ್ರಿ ಸೂಲಗಿತ್ತಿಯನ್ನು ಕರೆತಂದರು. ಹಗಲೆಲ್ಲ ಹೊಲದಲ್ಲಿ ದುಡಿದು ಮಲಗಿದ್ದ ಆಕೆ ಎದ್ದು ಬಂದವಳೇ ಒಳಗೆ ಹೋದಳು. ಬೆಳಗಿನ ಜಾವ ಕೂಸಿನ ಅಳು ಕೇಳಿಸಿತು. ಆಕೆ ಹಿತ್ತಲ ಬಾಗಿಲಿನಿಂದ ಹೊರಟುಹೋದ ಮೇಲೆ ಅಜ್ಜಿ ಮೈಲಿಗೆಯಾಯಿತೆಂದು ಮನೆಯನ್ನೆಲ್ಲ ತೊಳೆಸಿದಳು. ಆದರೆ ಆಕೆ ಬಂದಾಗ ಆಕೆಯ ಕೈಗೆ ಒಂದು ತಂಬಿಗೆ ಬಿಸಿನೀರು ಕೊಟ್ಟವರಿರಲಿಲ್ಲ. ಮೂರನೆಯ ದಿನ ಅವ್ವನಿಗೆ ಜ್ವರವೇರಿತು. ಬಾಣಂತಿ ಸನ್ನಿ ಎಂದರು. ಅವ್ವ ಉಳಿದಳು. ಓಣಿಯ ಎಷ್ಟೋ ತಾಯಂದಿರು ಉಳಿಯಲಿಲ್ಲ.

ಕನ್ನಡದಲ್ಲಿ 'ಅಂಟು' ಎಂಬ ಮಾತು ರೋಗಕ್ಕೂ ಸಲ್ಲುತ್ತದೆ, ಮೈಲಿಗೆಗೂ ಸಲ್ಲುತ್ತದೆ. ಅಂಟುಜಾಡ್ಯವೆನ್ನುತ್ತೇವೆ, ಅಂಟುಮುಟ್ಟು ಎಂದೂ ಎನ್ನುತ್ತೇವೆ. ಎರಡನ್ನೂ ಒಂದೆಂದು ಭ್ರಮಿಸಿ, ತೊಳೆಯಬೇಕಾದ ಕೈಯನ್ನು ಬಿಟ್ಟು ತೊಳೆಯಬೇಕಿಲ್ಲದ ಅಂಗಳವನ್ನು ತೊಳೆದೆವು.

ಇಂಥ ಭ್ರಮೆ ನಮ್ಮದೊಂದೇ ಅಲ್ಲ. ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. 1846ರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗದಲ್ಲಿ ಸತ್ತ ಬಾಣಂತಿಯರು ನೂರಕ್ಕೆ 3ಕ್ಕಿಂತ ಕಡಮೆ. ವೈದ್ಯ ವಿದ್ಯಾರ್ಥಿಗಳ ವಿಭಾಗದಲ್ಲಿ 11ಕ್ಕೂ ಹೆಚ್ಚು. ವಿದ್ಯಾರ್ಥಿಗಳು ಹೆಣ ಸೀಳಿದ ಕೈಗಳಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದುದನ್ನು ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯ ಗುರುತಿಸಿದ. 1847ರ ಮೇ ತಿಂಗಳಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟು ಮಾಡಿದ. ಕೆಲವೇ ವಾರಗಳಲ್ಲಿ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಆದರೂ ಹಿರಿಯ ವೈದ್ಯರನೇಕರು ಒಪ್ಪಲಿಲ್ಲ. ಕಾಪಾಡುವ ಕೈಯೇ ಕೊಲ್ಲಬಲ್ಲದೆಂಬ ಮಾತನ್ನು ಯಾವ ಪಂಡಿತ ತಾನೇ ಸಹಿಸಿಯಾನು? ಸೆಮ್ಮೆಲ್ವೈಸ್ 1865ರಲ್ಲಿ ಹುಚ್ಚರ ಆಸ್ಪತ್ರೆಯಲ್ಲಿ ತೀರಿಕೊಂಡ.

ನಮ್ಮ ದೇಶದಲ್ಲಿ ಹೆರಿಗೆಗೆ ಐದು ಶುಚಿಗಳನ್ನು ಕಲಿಸಿದರು: ಶುಚಿಯಾದ ಕೈ, ನೆಲಹಾಸು, ಬ್ಲೇಡು, ದಾರ ಮತ್ತು ಹೊಕ್ಕುಳು. ಇದರೊಡನೆ ಚುಚ್ಚುಮದ್ದೂ ಆಸ್ಪತ್ರೆಯ ಹೆರಿಗೆಯೂ ಸೇರಿ, 2015ರಲ್ಲಿ ಭಾರತವು ತಾಯಿ-ಕೂಸುಗಳ ಧನುರ್ವಾಯುವನ್ನು ನಿವಾರಿಸಿದ ದೇಶಗಳ ಸಾಲಿಗೆ ಸೇರಿತು. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಮಾತ್ರಕ್ಕೆ ಭಯ ಮುಗಿಯದು. 2024ರ ನವೆಂಬರಿನಲ್ಲಿ ನೆರೆಯ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರಿಕೊಂಡಾಗ, ರಕ್ತನಾಳಕ್ಕೆ ಏರಿಸಿದ ದ್ರಾವಣವನ್ನೇ ಶಂಕಿಸಬೇಕಾಯಿತು. ಶುಚಿಯೆಂಬುದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ.

ರಾಯಚೂರಿನ ಆಸ್ಪತ್ರೆಯೊಂದರಲ್ಲಿ ನನಗೆ ಮೊಮ್ಮಗಳು ಹುಟ್ಟಿದಾಗ ಎತ್ತಿಕೊಳ್ಳಲು ಕೈ ಚಾಚಿದೆ. ಎಳೆಯ ವಯಸ್ಸಿನ ನರ್ಸ್ ತಡೆದಳು: "ಅಜ್ಜಾರ, ಮೊದಲ ಕೈ ತೊಳಕೊಂಡು ಬರ್ರಿ." ಮಾನ್ವಿಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಬುದ್ಧಿ ಹೇಳಿದ ನನಗೆ ಒಂದು ಗಳಿಗೆ ಅವಮಾನವೆನಿಸಿತು. ವಿಯೆನ್ನಾದ ಪಂಡಿತರಿಗೂ ಹೀಗೆಯೇ ಅನಿಸಿದ್ದಿರಬೇಕು. ಬರಿಗೈಯಲ್ಲಿ ಬಂದು ಅವ್ವನನ್ನು ಹೆರಿಸಿಹೋದ ಆ ಸೂಲಗಿತ್ತಿಯೂ ನೆನಪಾದಳು. ಮರುಮಾತಾಡದೆ ನಲ್ಲಿಯತ್ತ ನಡೆದೆ.