ಮೊದಲು ಯಾರು ದಡಕ್ಕೆ?

ಕಾಪುವಿನ ದೀಪಸ್ತಂಭಕ್ಕೆ ಚರಿತ್ರೆಯಿದೆ. ಹಡಗು ಬಂಡೆಗೆ ಬಡಿಯಬಾರದು ಅಂತ 1901ರಲ್ಲಿ ಬ್ರಿಟಿಷರು ಕಟ್ಟಿಸಿದರು. ಹಡಗಿಗೆ ದೀಪ ಸಿಕ್ಕಿತು. ತಗ್ಗಿನ ಗುಡಿಸಲಿಗೆ?

ನಮ್ಮ ಕರಾವಳಿಯಲ್ಲಿ ಅಪಾಯಕ್ಕೂ ಜಾತಿಯಿತ್ತು. ಕಂಬಳದ ಹಿಂದಿನ ರಾತ್ರಿ ಕೊರಗರು ಮಂಜಿನಲ್ಲಿ ಡೋಲು ಬಡಿಯುತ್ತ ಕೂರಬೇಕಿತ್ತು. ಕೋಣ ಇಳಿಯುವ ಮುಂಚೆ ಅವರನ್ನೇ ಗದ್ದೆಯಲ್ಲಿ ಓಡಿಸ್ತಿದ್ದರು. ಮುಳ್ಳಿದ್ದರೆ, ಗಾಜಿದ್ದರೆ ಮೊದಲು ಚುಚ್ಚಬೇಕಾದ್ದು ಕೊರಗನ ಕಾಲಿಗೆ! ಈ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ.

ಈಗ ನೀರಿನ ಮಾತು. ಕಾರ್ಕಳದ ಕಡೆಯ ಘಟ್ಟದಲ್ಲಿ ಬಿದ್ದ ಮಳೆ ಸ್ವರ್ಣಾ ಹೊಳೆಯಾಗಿ ಉಡುಪಿಯ ಬಳಿ ಕಡಲಿಗಿಳಿಯುತ್ತದೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿತು. ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ. ಕಾಪು ಕಡೆಯ ಕಡಲಿನಲ್ಲಿ ಬಂಡೆಗೆ ಸಿಕ್ಕಿಬಿದ್ದ ಟಗ್ ಬೋಟಿನ 9 ಮಂದಿಯನ್ನು ನೌಕಾಪಡೆ, ಕೋಸ್ಟ್ ಗಾರ್ಡ್ ಸೇರಿ ಉಳಿಸಿದವು. ಅದೇ ಗಾಳಿಗೆ ಇನ್ನೊಂದು ಟಗ್ ಮಗುಚಿ ಕೂಲಿಯವರು ಸತ್ತರು.

ಚಂಡಮಾರುತ ಹೇಳದೆ ಬರುವುದಿಲ್ಲ. ಹವಾಮಾನ ಇಲಾಖೆ ದಿನಗಳ ಮೊದಲೇ ಸಾರುತ್ತದೆ. ಆ ಮಾತನ್ನು ಕೊರಗರ ಕೊಪ್ಪಕ್ಕೆ, ನಮ್ಮ ಕೇರಿಗೆ ಯಾರು ತರ್ತಾರೆ? ಆಶ್ರಯ ಕೊಟ್ಟ ಶಾಲೆಯಲ್ಲಿ ಎಲ್ಲರಿಗೂ ಒಂದೇ ಕೊಡದ ನೀರೆ, ಒಂದೇ ಪಂಕ್ತಿಯೆ?

ಮೇಷ್ಟ್ರುಗಳೇ, ಗೆಳೆಯರೇ, ಮಳೆಗಾಲಕ್ಕೆ ಮುಂಚೆಯೇ ಪಟ್ಟಿ ಬರೆಯೋಣ: ತಗ್ಗಿನಲ್ಲಿ ಯಾವ ಮನೆ, ಅಲ್ಲಿ ನಡೆಯಲಾರದ ಮುದುಕಿ ಯಾರು, ತುಂಬು ಬಸುರಿ ಯಾರು, ಯಾರು ಹೊರುತ್ತಾರೆ, ಯಾವ ದಾರಿ, ಯಾವ ಶಾಲೆ. ಅಪಾಯಕ್ಕೆ ಮೊದಲು ತಳ್ಳಿಸಿಕೊಂಡವರ ಹೆಸರು ಆ ಪಟ್ಟಿಯಲ್ಲಿ ಮೊದಲಿರಲಿ.