ಸಾಲಿನಿಂದ ಪಂಕ್ತಿಗೆ: ಉದ್ಯಾನದ ಊಟದ ಇತಿಹಾಸ

ಭೌತಶಾಸ್ತ್ರದಲ್ಲಿ ಉಷ್ಣದ ಪಾಠ ಓದಿರುವ ವಿದ್ಯಾರ್ಥಿಗಳಿಗೆ ಕೌಂಟ್ ರಮ್‌ಫೋರ್ಡ್‌ನ ಹೆಸರು ಪರಿಚಿತ. ಫಿರಂಗಿಯ ಕೊಳವೆ ಕೊರೆಯುವಾಗ ಹುಟ್ಟುವ ಶಾಖದಿಂದ ನೀರು ಕುದಿಯುವುದನ್ನು ತೋರಿಸಿ, ಉಷ್ಣವೆಂಬುದು ಒಂದು ವಸ್ತುವಲ್ಲ, ಅದು ಚಲನೆಗೆ ಸಂಬಂಧಿಸಿದ್ದು ಎಂದು 1798ರಲ್ಲಿ ವಾದಿಸಿದವನು ಆತ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳದ ಇನ್ನೊಂದು ಸಂಗತಿಯಿದೆ. 1790ರ ಜನವರಿ 1ರಂದು ಇದೇ ರಮ್‌ಫೋರ್ಡ್ ಮ್ಯೂನಿಕ್ ನಗರದ ಭಿಕ್ಷುಕರನ್ನು ಬೀದಿಗಳಿಂದ ಹಿಡಿದು ತರಿಸುವ ಕಾರ್ಯಾಚರಣೆ ಆರಂಭಿಸಿದ. ಅವರನ್ನು ದುಡಿಮೆಯ ಮನೆಯೊಂದಕ್ಕೆ ಸೇರಿಸಿದ. ಅಲ್ಲಿ ಅವರಿಗೆ ಕೆಲಸ ಮತ್ತು ಬಾರ್ಲಿ, ಬಟಾಣಿ, ಆಲೂಗಡ್ಡೆಗಳ ಗಂಜಿ. ಕಡಿಮೆ ಸೌದೆಯಲ್ಲಿ ಹೆಚ್ಚು ಬೇಯುವಂಥ ಒಲೆಗಳನ್ನೂ ಆತ ರೂಪಿಸಿದ.

ಎಷ್ಟು ಜನರಿಗೆ, ಎಷ್ಟು ಖರ್ಚಿನಲ್ಲಿ, ಏನು ಬಡಿಸಬಹುದು? ಇದು ರಮ್‌ಫೋರ್ಡ್ ಬಿಡಿಸಿದ ಲೆಕ್ಕ. ಆದರೆ ಇನ್ನೊಂದು ಪ್ರಶ್ನೆ ಉಳಿದೇ ಇತ್ತು. ಉಣ್ಣುವವನು ಬಡಿಸುವವನ ಕಣ್ಣಿಗೆ ಯಾರು? ಅತಿಥಿಯೇ, ಅಥವಾ ಬರಿಯ ಒಂದು ಹೊಟ್ಟೆಯೇ?

1847ರ ಐರ್ಲೆಂಡನ್ನು ನೋಡೋಣ. ಆಲೂಗಡ್ಡೆ ಬೆಳೆಗೆ ರೋಗ ತಗುಲಿ ದೇಶವೆಲ್ಲ ಕ್ಷಾಮದಲ್ಲಿತ್ತು. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸೋಯರ್, ಸರ್ಕಾರದ ಕೋರಿಕೆಯ ಮೇರೆಗೆ ಡಬ್ಲಿನ್ನಿಗೆ ಬಂದು ಏಪ್ರಿಲ್ ತಿಂಗಳಲ್ಲಿ ಒಂದು ಮಾದರಿ ಗಂಜಿ ಮನೆ ತೆರೆದ. ನಡುವೆ 300 ಗ್ಯಾಲನ್ನಿನ ಹಂಡೆ, ಸುತ್ತ ಮೇಜುಗಳು, ಮೇಜಿನ ಮೇಲೆ 100 ಬೋಗುಣಿಗಳು. ಚಮಚಗಳನ್ನು ಸರಪಣಿಯಿಂದ ಬಿಗಿಯಲಾಗಿತ್ತು. ಗಂಟೆ ಬಾರಿಸಿದರೆ ಹೊರಗೆ ಸಾಲುಗಟ್ಟಿ ನಿಂತಿದ್ದ 100 ಜನ ಒಳಗೆ ಬರಬೇಕು, ಕೆಲವೇ ನಿಮಿಷಗಳಲ್ಲಿ ಕುಡಿದು ಹೊರಡಬೇಕು. ಮತ್ತೆ ಗಂಟೆ, ಮತ್ತೆ 100 ಜನ. ಉದ್ಘಾಟನೆಯ ದಿನ ಐದು ಶಿಲಿಂಗ್ ಕೊಟ್ಟು, ಹಸಿದವರು ಉಣ್ಣುವುದನ್ನು ನೋಡಲು ಸಿರಿವಂತರು ಬಂದಿದ್ದರು.

ಇದನ್ನು ಹಗುರವಾಗಿ ಹಳಿಯುವುದು ನ್ಯಾಯವಲ್ಲ. ಆ ವರ್ಷದ ಜುಲೈ ವೇಳೆಗೆ ಐರ್ಲೆಂಡಿನ ಸರ್ಕಾರಿ ಗಂಜಿ ಕೇಂದ್ರಗಳು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಆಹಾರ ಕೊಡುತ್ತಿದ್ದವು. ಸಾಯುತ್ತಿರುವವನಿಗೆ ಮೊದಲು ಬೇಕಾದದ್ದು ಗಂಜಿ. ಆದರೂ ಆ ಸರಪಣಿಯ ಚಮಚ ಒಂದು ಮಾತನ್ನು ಹೇಳುತ್ತಲೇ ಇತ್ತು: ನಿನ್ನ ಮೇಲೆ ನಮಗೆ ನಂಬಿಕೆಯಿಲ್ಲ.

ಈ ಮಾತನ್ನು ತಿರುಗಿಸಿ ಹೇಳುವ ಪ್ರಯತ್ನವೊಂದು 1980ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್ ನಗರದಲ್ಲಿ ಮೊದಲಾಯಿತು. ಅಣುಶಕ್ತಿ ವಿರೋಧಿ ಚಳವಳಿಯಲ್ಲಿದ್ದ ಕೆಲವು ಯುವಜನರು ‘ಫುಡ್ ನಾಟ್ ಬಾಂಬ್ಸ್’, ಅಂದರೆ ‘ಬಾಂಬಲ್ಲ, ಅನ್ನ’ ಎಂಬ ಗುಂಪು ಕಟ್ಟಿದರು. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ತರಕಾರಿ, ಬ್ರೆಡ್ಡುಗಳನ್ನು ಸಂಗ್ರಹಿಸಿ ಸಸ್ಯಾಹಾರಿ ಅಡುಗೆ ಮಾಡಿ, ಸಾರ್ವಜನಿಕ ಸ್ಥಳಗಳಲ್ಲಿ ಹಂಚತೊಡಗಿದರು. ಮುಂದೆ ಬೇರೆ ಬೇರೆ ನಗರಗಳ ಸ್ವಯಂಸೇವಕರೂ ಇದೇ ಕೆಲಸ ಕೈಗೊಂಡರು. ಉದ್ಯಾನದಲ್ಲಿ ಒಂದು ಮೇಜು, ಒಂದು ಬ್ಯಾನರು, ಬಂದವರಿಗೆಲ್ಲ ಊಟ. ಮನೆಯಿಲ್ಲದವರಿಗೂ ಮನೆಯುಳ್ಳವರಿಗೂ ಒಂದೇ ತಟ್ಟೆ. ನೋಡುವವರಿಗೆ ಇದು ಒಂದು ವನಭೋಜನ.

ಇಂಥ ವನಭೋಜನಕ್ಕೂ ಪೊಲೀಸರು ಬಂದರು. 1988ರ ಆಗಸ್ಟ್ 15ರಂದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಪರವಾನಗಿಯಿಲ್ಲದೆ ಊಟ ಹಂಚಿದರೆಂದು 9 ಸ್ವಯಂಸೇವಕರನ್ನು ಬಂಧಿಸಲಾಯಿತು. ಫ್ಲಾರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್ ನಗರ 2014ರ ಅಕ್ಟೋಬರಿನಲ್ಲಿ ಬಯಲಿನಲ್ಲಿ ಆಹಾರ ಹಂಚುವುದಕ್ಕೆ ಬಿಗಿಯಾದ ನಿಯಮಗಳನ್ನು ತಂದಿತು. ವರ್ಷಾನುಗಟ್ಟಲೆ ಊಟ ಹಂಚುತ್ತ ಬಂದಿದ್ದ ಆರ್ನಾಲ್ಡ್ ಅಬಟ್ ಎಂಬ 90 ವರ್ಷದ ವೃದ್ಧರ ಮೇಲೆ ನವೆಂಬರಿನಲ್ಲಿ ಮೊಕದ್ದಮೆ ಹೂಡಲಾಯಿತು. ಅಪರಾಧ ಸಾಬೀತಾದರೆ 60 ದಿನಗಳವರೆಗೆ ಸೆರೆವಾಸ, 500 ಡಾಲರುಗಳವರೆಗೆ ದಂಡ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ್ದ ಈ ಮುದುಕರು ಮತ್ತೆ ಊಟ ಬಡಿಸಿದರು.

ನಗರಾಡಳಿತದ ಕಡೆಗೂ ವಾದವಿತ್ತು. ಉದ್ಯಾನ ಎಲ್ಲರದು, ನೈರ್ಮಲ್ಯ ಕಾಪಾಡಬೇಕು, ನೆರೆಯವರ ದೂರುಗಳನ್ನೂ ಕೇಳಬೇಕು. ಇವು ಸುಳ್ಳು ತೊಂದರೆಗಳಲ್ಲ. ಹಾಗಾದರೆ ಇತ್ಯರ್ಥ ಹೇಗೆ?

ಅದೇ ನಗರದ ‘ಫುಡ್ ನಾಟ್ ಬಾಂಬ್ಸ್’ ಸ್ವಯಂಸೇವಕರು ಸ್ಟ್ರಾನಹನ್ ಪಾರ್ಕಿನಲ್ಲಿ ವಾರವಾರವೂ ಊಟ ಹಂಚುತ್ತಿದ್ದರು. ಅವರು 2015ರಲ್ಲಿ ನ್ಯಾಯಾಲಯದ ಮೊರೆ ಹೊಕ್ಕರು. ಅವರ ವಾದ ಕುತೂಹಲಕರವಾದದ್ದು: ನಾವು ಕೇವಲ ಅನ್ನ ಹಂಚುತ್ತಿಲ್ಲ, ಒಂದು ಮಾತನ್ನು ಹೇಳುತ್ತಿದ್ದೇವೆ, ಆದ್ದರಿಂದ ಸಂವಿಧಾನದ ವಾಕ್ ಸ್ವಾತಂತ್ರ್ಯ ನಮಗೂ ಅನ್ವಯಿಸುತ್ತದೆ.

ಊಟ ಮಾತಾಡುತ್ತದೆಯೇ? ನಮ್ಮ ನಾಡಿನವರಿಗೆ ಈ ಪ್ರಶ್ನೆ ಕಷ್ಟದ್ದಲ್ಲ. ಪಂಕ್ತಿಭೇದ ಎಂಬ ಪದ ನಮ್ಮಲ್ಲಿದೆ. ಯಾರನ್ನು ಎಲ್ಲಿ ಕೂರಿಸಿ ಬಡಿಸಿದರು ಎಂಬುದರಿಂದಲೇ ಯಾರು ಮೇಲು, ಯಾರು ಕೀಳು ಎಂದು ಬಾಯಿಬಿಡದೆ ಸಾರಿದ ಸಮಾಜ ನಮ್ಮದು. ಅದನ್ನು ಮುರಿಯಲೆಂದೇ ಸಹಭೋಜನಗಳು ನಡೆದವು.

2018ರ ಆಗಸ್ಟ್ 22ರಂದು ಹನ್ನೊಂದನೆಯ ವಲಯದ ಮೇಲ್ಮನವಿ ನ್ಯಾಯಾಲಯ ಸ್ವಯಂಸೇವಕರ ಮಾತನ್ನು ಒಪ್ಪಿತು. ಪ್ರಯೋಗದ ಫಲಿತಾಂಶವನ್ನು ಅದರ ಪರಿಸ್ಥಿತಿಯೊಂದಿಗೆ ಓದುವಂತೆ ನ್ಯಾಯಾಧೀಶರು ಇಲ್ಲಿ ಸಂದರ್ಭವನ್ನು ಓದಿದರು. ಮೇಜು ಮತ್ತು ಬ್ಯಾನರುಗಳಿವೆ. ಊಟ ಎಲ್ಲರಿಗೂ ಮುಕ್ತ. ಸ್ಥಳ ಸಾರ್ವಜನಿಕ ಉದ್ಯಾನ. ಮನೆಯಿಲ್ಲದವರ ವಿಷಯ ಆ ನಗರದಲ್ಲಿ ಚರ್ಚೆಯಲ್ಲಿದೆ. ಹಂಚಿ ಉಣ್ಣುವುದಕ್ಕೆ ಸಾವಿರಾರು ವರ್ಷಗಳ ಅರ್ಥವಿದೆ. ಆದ್ದರಿಂದ ಆ ಊಟ ಒಂದು ಅಭಿವ್ಯಕ್ತಿ. 2021ರಲ್ಲಿ ಇದೇ ನ್ಯಾಯಾಲಯ, ನಗರದ ಉದ್ಯಾನ ನಿಯಮವನ್ನು ಈ ಗುಂಪಿಗೆ ಅನ್ವಯಿಸಿದ್ದು ಸಂವಿಧಾನಬಾಹಿರ ಎಂದಿತು. ಅಬಟ್ ಅವರು 2019ರಲ್ಲಿ ತೀರಿಕೊಂಡಿದ್ದರು.

ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಇಲ್ಲೊಂದು ಪಾಠವಿದೆ. ಅನ್ನದಾನದ ಚಿತ್ರೀಕರಣ ಎಂದರೆ ಸೌಟು ಹಿಡಿದ ಗಣ್ಯರು ಚೌಕಟ್ಟಿನ ನಡುವೆ, ಚಾಚಿದ ಕೈಗಳು ಅಂಚಿನಲ್ಲಿ ಎಂಬುದು ರೂಢಿ. ಕ್ಯಾಮೆರಾವನ್ನು ಕುಳಿತು ಉಣ್ಣುವವರ ಕಣ್ಣಿನ ಎತ್ತರಕ್ಕೆ ಇಳಿಸಿದರೆ ಚಿತ್ರವೇ ಬದಲಾಗುತ್ತದೆ. ಆಗ ಮುಖ ಕಾಣುತ್ತದೆ, ಮಾತು ಕೇಳುತ್ತದೆ.

ಒಂದು ಊಟ ಮನೆಯಾಗದು, ನಿಜ. 2011ರ ಜನಗಣತಿ ಭಾರತದಲ್ಲಿ ಸುಮಾರು 17.7 ಲಕ್ಷ ವಸತಿರಹಿತರನ್ನು ಎಣಿಸಿತು. ಅವರಿಗೆ ಬೇಕಾದದ್ದು ಸೂರು, ಕೂಲಿ, ಔಷಧ. ವನಭೋಜನದ ಸ್ವಯಂಸೇವಕ ಇವನ್ನು ಕೊಡಲಾರ. ಆದರೆ ಯಾರಿಗೆ ಏನು ಬೇಕು ಎಂದು ತಿಳಿಯಲು ಅವರ ಪಕ್ಕದಲ್ಲಿ ಕೂರಬೇಕು. ಸಾಲಿನಲ್ಲಿ ನಿಂತವರೊಡನೆ ಮಾತಿಗೆ ಸಮಯವಿರುವುದಿಲ್ಲ. ವಿದ್ಯಾರ್ಥಿ ಮಿತ್ರರೇ, ಎನ್.ಎಸ್.ಎಸ್. ಶಿಬಿರದಲ್ಲೋ ಊರಿನ ಸಮಾರಂಭದಲ್ಲೋ ಇಂಥ ಅವಕಾಶ ಬಂದಾಗ ತರಕಾರಿ ಹೆಚ್ಚಿ, ಪಾತ್ರೆ ಹೊರಿ, ಬಡಿಸಿ, ಕೊನೆಗೆ ಸ್ಥಳವನ್ನು ಗುಡಿಸಿ. ನಡುವೆ ಒಂದಿಷ್ಟು ಹೊತ್ತು ಸೌಟನ್ನು ಬೇರೆಯವರ ಕೈಗೆ ಕೊಟ್ಟು, ನೀವೂ ಒಂದು ಎಲೆ ಹಾಕಿಸಿಕೊಂಡು ಅವರ ಪಂಕ್ತಿಯಲ್ಲಿ ಕುಳಿತುಕೊಳ್ಳಿ.