ಸುರಪುರ: ಸಂಸ್ಥಾನ ಹೋಯಿತು, ಮನೆತನಗಳು ಉಳಿದವು

ವಿಶ್ವಾರಾಧ್ಯರ ಮಠಕ್ಕೆ ಹೆಸರಾದ ಅಬ್ಬೆತುಮಕೂರಿನಿಂದ ಯಾದಗಿರಿಗೆ ಬಂದು, ಭೀಮೆ ದಾಟಿ, ಶಹಾಪುರದ ಮಲಗಿದ ಬುದ್ಧನಂತಹ ಬೆಟ್ಟದ ಸಾಲನ್ನು ಹಿಂದಿಟ್ಟು ಸಾಗಿದರೆ ಸುರಪುರ ಸಿಗುತ್ತದೆ. ಸುತ್ತಲೂ ಗುಡ್ಡ, ನಡುವೆ ಏರಿಳಿತದ ಓಣಿಗಳು. ಕುದುರೆ ದಂಡು ಸುಲಭವಾಗಿ ನುಗ್ಗಲಾರದ ಇಂಥ ಜಾಗವನ್ನು ಬೇಡ ನಾಯಕರು ರಾಜಧಾನಿಯಾಗಿ ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಇವರ ಹಿಂದಿನ ನೆಲೆ ಹತ್ತಿರದ ವಾಗಣಗೇರಾ ಕೋಟೆ. 1705ರಲ್ಲಿ ಮುಪ್ಪಿನ ಔರಂಗಜೇಬ ಖುದ್ದಾಗಿ ಬಂದು ಅದಕ್ಕೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಕಾದಾಡಿದ ಪಿಡ್ಡನಾಯಕ ಕೊನೆಗೊಂದು ರಾತ್ರಿ ತನ್ನವರೊಂದಿಗೆ ಜಾರಿಕೊಂಡ. ಬಾದಶಹನಿಗೆ ದಕ್ಕಿದ್ದು ಬರಿದಾದ ಕೋಟೆ. ಅದೇ ಅವನ ಕೊನೆಯ ಮುತ್ತಿಗೆ. ಎರಡು ವರ್ಷಕ್ಕೆ ಅವನೂ ತೀರಿಕೊಂಡ. ನಾಯಕರು ಮಾತ್ರ ಸುರಪುರದಲ್ಲಿ ಬೇರೂರಿದರು.

ಅರಸರ ಬೆನ್ನಿಗೆ ಬೇರೆ ಮನೆತನಗಳೂ ಬೆಳೆದವು. ನಾಯಕರು ತಿರುಪತಿ ತಿಮ್ಮಪ್ಪನ ಒಕ್ಕಲು. ಹಾಗಾಗಿ ಬುಕ್ಕಪಟ್ಟಣದ ಶ್ರೀವೈಷ್ಣವ ವಿದ್ವಾಂಸರ ಮನೆತನಕ್ಕೆ ಇಲ್ಲಿ ಆಶ್ರಯ ಸಿಕ್ಕಿತು, ಸಂಸ್ಕೃತ ಗ್ರಂಥಗಳು ಹುಟ್ಟಿದವು. ಗರುಡಾದ್ರಿ ಮನೆತನದ ಚಿತ್ರಗಾರರು ಕೂದಲೆಳೆಯಂಥ ಗೆರೆಗಳಲ್ಲಿ ದೇವರುಗಳನ್ನೂ ದರಬಾರನ್ನೂ ಬರೆದು, ಒಡವೆಯ ಜಾಗಕ್ಕೆ ಚಿನ್ನದ ರೇಕು ಹಚ್ಚಿದರು. ಆ ಚಿತ್ರಶೈಲಿಗೆ ಇಂದು ಊರಿನದೇ ಹೆಸರು.

1841ರಲ್ಲಿ ಬ್ರಿಟಿಷರು ಫಿಲಿಪ್ ಮೆಡೋಸ್ ಟೇಲರ್‌ನನ್ನು ಇಲ್ಲಿಗೆ ಕಳಿಸಿದರು. ಠಕ್ಕರ ಕುರಿತ ಕಾದಂಬರಿಯಿಂದ ಅವನು ಆಗಲೇ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಹುಡುಗ, ರಾಣಿ ಈಶ್ವರಮ್ಮನ ಕೈಯಲ್ಲಿ ಅಧಿಕಾರ. ಟೇಲರ್ ಹುಡುಗನ ಓದು ನೋಡಿಕೊಂಡ, ಬೋನಾಳ ಕೆರೆಯನ್ನು ಸುಧಾರಿಸಿದ, ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ. ಅದೇ ಈಗಿನ ಟೇಲರ್ ಮಂಜಿಲ್. ಸುತ್ತಲಿನ ಪ್ರಾಚೀನ ಕಲ್ಲುಗೋರಿಗಳ ಬಗ್ಗೆಯೂ ಬರೆದ. ವೆಂಕಟಪ್ಪ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನಂತೆ.

1853ರಲ್ಲಿ ರಾಜ್ಯ ವೆಂಕಟಪ್ಪನ ಕೈಗೆ ಬಂತು. ಐದೇ ವರ್ಷಕ್ಕೆ, 1858ರ ಫೆಬ್ರುವರಿಯಲ್ಲಿ, ಅವನು ಬ್ರಿಟಿಷರ ಮೇಲೆ ತಿರುಗಿಬಿದ್ದ. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೈದರಾಬಾದಿಗೆ ಹೋದ ವೆಂಕಟಪ್ಪ ಅಲ್ಲಿ ಸೆರೆಸಿಕ್ಕ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆವಾಸವಾಯಿತು. ಚೆಂಗಲ್ಪಟ್ಟಿಗೆ ಒಯ್ಯುವಾಗ ಅಂಬರಪೇಟೆಯ ಬೀಡಿನಲ್ಲಿ ಕಾವಲಿನವನ ಪಿಸ್ತೂಲಿನ ಗುಂಡಿಗೆ ಪ್ರಾಣ ಹೋಯಿತು. ಇಪ್ಪತ್ನಾಲ್ಕರಲ್ಲೇ ಅವನಿಗೆ ಗಂಡಾಂತರವೆಂದು ಜೋಯಿಸರು ಹೇಳಿದ್ದನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಸುರಪುರದ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ. ಆದರೆ ಕೃಷ್ಣಾಷ್ಟಮಿಯ ಮರುದಿನಗಳಲ್ಲಿ ವೇಣುಗೋಪಾಲಸ್ವಾಮಿ ಗುಡಿಯ ಮುಂದೆ ನಿಂತವರಿಗೆ ಬೇರೆಯದೇ ಕಾಣುತ್ತದೆ. ಅಲ್ಲಿ ನೆಟ್ಟ ಎತ್ತರದ ಕಂಬಗಳ ತುದಿಯಿಂದ ನೀರು ಸುರಿಯುತ್ತಿರುತ್ತದೆ. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಕಾಲಿಟ್ಟು ಏರುತ್ತಾರೆ, ಅರ್ಧಕ್ಕೆ ಜಾರಿ ಬೀಳುತ್ತಾರೆ, ಕೇಕೆ ಹಾಕುತ್ತ ಮತ್ತೆ ಹತ್ತುತ್ತಾರೆ. ಈ ಹಾಲೋಕಳಿ ನಡೆಯುವುದು ಇಂದಿಗೂ ಅರಸು ಮನೆತನದವರ ಸಮ್ಮುಖದಲ್ಲೇ.

ಮನೆತನದ ಮಾತು ವಿಧಾನಸಭೆಗೂ ಮುಟ್ಟಿದೆ. ರಾಜಾ ಮದನಗೋಪಾಲ ನಾಯಕರು ಮಂತ್ರಿಯಾಗಿದ್ದರು. ರಾಜಾ ವೆಂಕಟಪ್ಪ ನಾಯಕರು ಹಲವು ಬಾರಿ ಶಾಸಕರಾಗಿ, 2024ರ ಫೆಬ್ರುವರಿಯಲ್ಲಿ ತೀರಿಕೊಂಡರು. ಉಪಚುನಾವಣೆಯಲ್ಲಿ ಮಗ ರಾಜಾ ವೇಣುಗೋಪಾಲ ನಾಯಕರು ಗೆದ್ದರು. ಹಾಗೆಂದು ಹೆಸರೊಂದೇ ಸಾಕಾಗುವ ಕಾಲವಲ್ಲ. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಈ ಕ್ಷೇತ್ರದಲ್ಲಿ ಎದುರಾಳಿಯೂ ನಾಯಕರೇ: 2018ರಲ್ಲಿ ರಾಜೂಗೌಡ ಎಂದೇ ಪರಿಚಿತರಾದ ನರಸಿಂಹ ನಾಯಕರು ಅರಸು ಮನೆತನವನ್ನು ಸೋಲಿಸಿದ್ದರು. ದರಬಾರಿಗೆ ಜನ ಬರುತ್ತಿದ್ದ ಊರಲ್ಲಿ ಈಗ ದರಬಾರಿನವರೇ ಓಣಿ ಓಣಿ ತಿರುಗಿ ಮತ ಕೇಳಬೇಕು.